ಬಾಗಲಕೋಟೆ ಜಿಲ್ಲೆಯ ಪತ್ರಿಕಾ ಮಾರಾಟಗಾರರು

ಬಸ್ ನಿಲ್ದಾಣ, ರೈಲು ನಿಲ್ದಾಣ, ವೃತ್ತ ಹಾಗೂ ಮಾರುಕಟ್ಟೆಯ ರಸ್ತೆ ಬದಿಯಲ್ಲಿ ದಿನಪತ್ರಿಕೆ ಮತ್ತು ನಿಯತಕಾಲಿಕಗಳನ್ನು ಬಿಡಿಯಾಗಿ ಮಾರುವವರನ್ನು ಪತ್ರಿಕಾ ಮಾರಾಟಗಾರರು ಎನ್ನಲಾಗುತ್ತದೆ. ಮನೆಮನೆಗೆ ಪತ್ರಿಕೆ ಹಾಕುವ ವಿತರಕರಿಂದ ಇವರು ಭಿನ್ನರಾದರೂ, ಸಣ್ಣ ಪಟ್ಟಣಗಳಲ್ಲಿ ಎರಡೂ ಕೆಲಸಗಳನ್ನು ಒಬ್ಬರೇ ನಿರ್ವಹಿಸುವುದುಂಟು. ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್‌ಗಳಲ್ಲಿ ಈ ವೃತ್ತಿಯ ಸ್ವರೂಪವನ್ನು ಎರಡು ಸಂಗತಿಗಳು ನಿರ್ಧರಿಸುತ್ತವೆ. ಮೊದಲನೆಯದು ಮುದ್ರಣ ಕೇಂದ್ರದಿಂದ ಊರಿಗಿರುವ ದೂರ. ಎರಡನೆಯದು, ಮಾರಾಟವಾಗದೆ ಉಳಿದ ಪ್ರತಿಯ ನಷ್ಟವನ್ನು ಯಾರು ಹೊರಬೇಕು ಎಂಬುದು.

ಹಿನ್ನೆಲೆ

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಪ್ರಕಟವಾಯಿತು. ಆಗ ಈ ಭಾಗದ ಓದುಗನಿಗೆ ಮಂಗಳೂರು ಬಹು ದೂರದ ಊರು. ಇಂದಿನ ಬಾಗಲಕೋಟೆ ಜಿಲ್ಲೆಯ ಬಾಗಲಕೋಟೆ, ಬಾದಾಮಿ ಮತ್ತು ಹುನಗುಂದ ತಾಲ್ಲೂಕುಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಇಲ್ಲಿಗೆ ಪತ್ರಿಕೆಗಳು ಹೆಚ್ಚಾಗಿ ಅಂಚೆಯ ಮೂಲಕ ಚಂದಾದಾರರ ಹೆಸರಿಗೇ ಬರುತ್ತಿದ್ದವು. ರಸ್ತೆ ಬದಿಯ ಮಾರಾಟಕ್ಕೆ ನಿತ್ಯವೂ ಹೊತ್ತಿಗೆ ಸರಿಯಾಗಿ ಬಂಡಲ್ ತಲುಪಿಸುವ ಸಾರಿಗೆ ಬೇಕು. 1880ರ ದಶಕದಲ್ಲಿ ಗದಗ–ಸೋಲಾಪುರ ರೈಲು ಮಾರ್ಗ ಬಾದಾಮಿ ಮತ್ತು ಬಾಗಲಕೋಟೆಯ ಮೂಲಕ ಹಾದುಹೋದ ಮೇಲೆ ಆ ಎರಡು ಊರುಗಳಿಗೆ ಅಂತಹ ಅನುಕೂಲ ದೊರೆಯಿತು. ಹುನಗುಂದ ಮತ್ತು ಇಳಕಲ್‌ಗಳು ಆ ಮಾರ್ಗದಿಂದ ಹೊರಗುಳಿದು, ರಸ್ತೆಯನ್ನೇ ನಂಬಬೇಕಾಯಿತು.

1933ರಲ್ಲಿ ಬೆಳಗಾವಿಯಲ್ಲಿ ಆರಂಭವಾಗಿ ಮುಂದೆ ಹುಬ್ಬಳ್ಳಿಗೆ ನೆಲೆ ಬದಲಿಸಿದ ‘ಸಂಯುಕ್ತ ಕರ್ನಾಟಕ’ ಈ ಭಾಗದಲ್ಲಿ ಕನ್ನಡ ದಿನಪತ್ರಿಕೆಯ ಓದನ್ನು ಬೆಳೆಸಿತು. ಅದೇ ಬಳಗದ ‘ಕರ್ಮವೀರ’, ‘ಕಸ್ತೂರಿ’ಗಳ ಜೊತೆಗೆ ಬೆಂಗಳೂರಿನ ‘ಸುಧಾ’, ‘ಮಯೂರ’, ಮಣಿಪಾಲದ ‘ತರಂಗ’ಗಳು ಪತ್ರಿಕೆ ಅಂಗಡಿಯ ಹಗ್ಗದ ಮೇಲೆ ಸ್ಥಾನ ಪಡೆದವು. ಬಾಗಲಕೋಟೆ 1997ರ ಆಗಸ್ಟ್ 15ರಂದು ಪ್ರತ್ಯೇಕ ಜಿಲ್ಲೆಯಾಯಿತು. 1999ರಲ್ಲಿ ‘ವಿಜಯ ಕರ್ನಾಟಕ’ ಬಂದ ಬಳಿಕ ಜಿಲ್ಲಾ ಪುಟಗಳ ಸ್ಪರ್ಧೆ ತೀವ್ರವಾಯಿತು. ಆ ಕಾಲದ ಬೆಲೆ ಇಳಿಕೆಯ ಪೈಪೋಟಿಯಿಂದ ಓದುಗನಿಗೆ ಲಾಭವಾಯಿತೆಂಬುದು ನಿಜ. ಆದರೆ ಮಾರಾಟಗಾರನ ಕಮಿಷನ್ ಮುಖಬೆಲೆಯ ಒಂದು ಪಾಲಾಗಿರುವುದರಿಂದ, ಬೆಲೆ ಇಳಿದಾಗ ಅಷ್ಟೇ ಪ್ರತಿ ಮಾರಿದರೂ ಅವನ ಕೈಗೆ ಬರುವ ಹಣ ಕಡಿಮೆಯಾಗುತ್ತದೆ. ಪತ್ರಿಕೋದ್ಯಮದ ಇತಿಹಾಸ ಬರೆಯುವವರು ಈ ಅಂಶವನ್ನು ಗಮನಿಸುವುದು ವಿರಳ.

ಬೆಳಗಿನ ಕೆಲಸ

ಹುಬ್ಬಳ್ಳಿಯಿಂದ ಬಾಗಲಕೋಟೆಗೆ ರಸ್ತೆಯಲ್ಲಿ ಸುಮಾರು 130 ಕಿಲೋಮೀಟರ್ ದೂರವಿದೆ. ಹುಬ್ಬಳ್ಳಿಯಲ್ಲಿ ಮುದ್ರಣವಾಗುವ ಪತ್ರಿಕೆಗಳ ವಾಹನ ನರಗುಂದ, ಕುಳಗೇರಿ ಕ್ರಾಸ್, ಕೆರೂರು ಹಾದು ಬರಬೇಕು. ಬಾದಾಮಿಯ ಬಂಡಲ್‌ಗಳಿಗೆ ಕುಳಗೇರಿ ಕ್ರಾಸ್‌ನಲ್ಲೇ ದಾರಿ ಕವಲೊಡೆಯುತ್ತದೆ. ಹುನಗುಂದ, ಇಳಕಲ್‌ಗಳು ಇನ್ನೂ ಮುಂದೆ, ಸೋಲಾಪುರ–ಹೊಸಪೇಟೆ ಹೆದ್ದಾರಿಯ ಮೇಲಿವೆ. ದೂರದ ಊರಿನ ಪ್ರತಿಗಳನ್ನು ಮೊದಲು ಅಚ್ಚು ಹಾಕಿ ಕಳುಹಿಸುವುದು ಮುದ್ರಣಾಲಯಗಳ ಪದ್ಧತಿ. ಹೀಗಾಗಿ ತಡರಾತ್ರಿ ಮುಗಿದ ಕ್ರಿಕೆಟ್ ಪಂದ್ಯದ ಫಲಿತಾಂಶ ನಗರದ ಪ್ರತಿಯಲ್ಲಿದ್ದು ಈ ಊರುಗಳ ಪ್ರತಿಯಲ್ಲಿ ಇಲ್ಲದಿರುವ ಸಂದರ್ಭಗಳಿವೆ. ಇದರ ದೂರು ಕೇಳಬೇಕಾದವನು ಮಾತ್ರ ಅಂಗಡಿಯವನು.

ಬಂಡಲ್ ಇಳಿದ ಕೂಡಲೇ ಪ್ರತಿಗಳನ್ನು ಎಣಿಸಿ, ಪುರವಣಿಗಳನ್ನು ಮುಖ್ಯ ಪತ್ರಿಕೆಯೊಳಗೆ ಸೇರಿಸಬೇಕು. ಊರಿನ ಅಂಗಡಿ, ಶಾಲೆ, ಆಸ್ಪತ್ರೆಗಳ ಕರಪತ್ರಗಳನ್ನು ಒಳಗಿಡುವ ಕೆಲಸ ಸಿಕ್ಕರೆ ಅದಕ್ಕೆ ಪ್ರತ್ಯೇಕ ಹಣವುಂಟು. ಬಳಿಕ ಮನೆಗಳಿಗೆ ಹಾಕುವ ‘ಲೈನ್’ ಪ್ರತಿಗಳು ಬೇರೆ, ಅಂಗಡಿಯ ಬಿಡಿ ಪ್ರತಿಗಳು ಬೇರೆ ಎಂದು ವಿಂಗಡಣೆಯಾಗುತ್ತದೆ. ಬಿಡಿ ಮಾರಾಟದ ಹೊತ್ತು ಬಹು ಚಿಕ್ಕದು. ಮುಂಜಾನೆಯ ಬಸ್ಸುಗಳು ಹೊರಡುವ ಸಮಯದಿಂದ ಕಚೇರಿಗಳು ತೆರೆಯುವವರೆಗೆ ಮಾರಾಟವಾಗಬೇಕು. ಅನಂತರ ಅದೇ ಸರಕಿಗೆ ಗಿರಾಕಿ ಇಲ್ಲ. ತರಕಾರಿ ಮಾರುವವನು ಸಂಜೆ ಬೆಲೆ ಇಳಿಸಿ ಮಾರಬಹುದು. ಪತ್ರಿಕೆ ಮಾರುವವನಿಗೆ ಆ ದಾರಿಯೂ ಇಲ್ಲ. ವಾಹನ ಒಂದು ಗಂಟೆ ತಡವಾದರೆ ದಿನದ ಗಳಿಕೆಯ ಗಣನೀಯ ಪಾಲು ಕೈತಪ್ಪುತ್ತದೆ.

ಊರಿಂದೂರಿಗೆ ವ್ಯತ್ಯಾಸವಿದೆ. ಬಾದಾಮಿಯ ರೈಲು ನಿಲ್ದಾಣ ಪಟ್ಟಣದಿಂದ ಸುಮಾರು 5 ಕಿಲೋಮೀಟರ್ ದೂರವಿರುವುದರಿಂದ ನಿಲ್ದಾಣದ ಗಿರಾಕಿ ಊರಿನ ಅಂಗಡಿಗೆ ದಕ್ಕುವುದಿಲ್ಲ. ಬನದ ಹುಣ್ಣಿಮೆಯಿಂದ ಆರಂಭವಾಗುವ ಬನಶಂಕರಿ ಜಾತ್ರೆಯ ದಿನಗಳಲ್ಲಿ ರಾತ್ರಿಯಿಡೀ ಕಂಪನಿ ನಾಟಕ ನೋಡಿದವರು ಬೆಳಗಾದರೆ ಬಸ್ಸಿಗೆ ಕಾಯುತ್ತಾರೆ. ಅದು ಬೇರೆಯೇ ಲೆಕ್ಕ. ಸೀರೆಗೂ ಕೆಂಪು ಗ್ರಾನೈಟ್‌ಗೂ ಹೆಸರಾದ ಇಳಕಲ್‌ನಂತಹ ದುಡಿಯುವವರ ಊರಿನಲ್ಲಿ ಚಹಾ ಅಂಗಡಿಗೆ ಹಾಕಿದ ಒಂದು ಪ್ರತಿ ಹಲವು ಕೈ ದಾಟುತ್ತದೆ. 1948ರಲ್ಲಿ ಸ್ಥಾಪನೆಯಾದ ಆಡಿಟ್ ಬ್ಯೂರೋ ಆಫ್ ಸರ್ಕ್ಯುಲೇಷನ್ಸ್ ಎಣಿಸುವುದು ಮಾರಾಟವಾದ ಪ್ರತಿಗಳನ್ನು. ಹತ್ತು ಓದುಗರು ಪತ್ರಿಕೆಯ ಪ್ರಭಾವಕ್ಕೆ ಸೇರುತ್ತಾರೆ, ಮಾರಾಟಗಾರನ ಗಲ್ಲಾಪೆಟ್ಟಿಗೆಗೆ ಸೇರುವುದು ಒಂದೇ ಪ್ರತಿಯ ಹಣ.

ಉಳಿದ ಪ್ರತಿಯ ಲೆಕ್ಕ

ಮಾರಾಟಗಾರ ಸಾಮಾನ್ಯವಾಗಿ ಏಜೆಂಟರಿಂದ ಪ್ರತಿಗಳನ್ನು ಪಡೆಯುತ್ತಾನೆ; ಏಜೆಂಟರು ಪತ್ರಿಕಾ ಸಂಸ್ಥೆಯಲ್ಲಿ ಠೇವಣಿ ಇಟ್ಟಿರುತ್ತಾರೆ. ಮಾರಾಟವಾಗದ ಪ್ರತಿಗಳನ್ನು ಹಿಂದಿರುಗಿಸುವ ಅವಕಾಶ ಎಷ್ಟಿದೆ ಎಂಬುದರ ಮೇಲೆ ವೃತ್ತಿಯ ಲಾಭ-ನಷ್ಟ ನಿಂತಿದೆ. ಲೆಕ್ಕಕ್ಕಾಗಿ ಪ್ರತಿಯೊಂದರ ಬೆಲೆ 6 ರೂಪಾಯಿ, ಅದರಲ್ಲಿ ಮಾರಾಟಗಾರನ ಪಾಲು 1.50 ರೂಪಾಯಿ ಎಂದಿಟ್ಟುಕೊಳ್ಳೋಣ. 50 ಪ್ರತಿಗೆ ಅವನು 225 ರೂಪಾಯಿ ಕೊಡಬೇಕು. ಎಲ್ಲವೂ ಮಾರಾಟವಾದರೆ ಉಳಿಕೆ 75 ರೂಪಾಯಿ. 45 ಮಾರಾಟವಾದರೆ 45 ರೂಪಾಯಿ, 40 ಮಾರಾಟವಾದರೆ 15 ರೂಪಾಯಿ. 13 ಪ್ರತಿ ಉಳಿದರೆ ಕೈಯಿಂದಲೇ 3 ರೂಪಾಯಿ ಹೋಗುತ್ತದೆ. ಉಳಿದ ಒಂದೊಂದು ಪ್ರತಿಯೂ ಮಾರಾಟವಾದ ಮೂರು ಪ್ರತಿಗಳ ಕಮಿಷನ್ ನುಂಗುತ್ತದೆ ಎಂದು ಇದರ ಅರ್ಥ. ಅನುಭವಿ ಮಾರಾಟಗಾರನು ಚುನಾವಣೆಯ ಫಲಿತಾಂಶದ ಮರುದಿನ ಹೆಚ್ಚು, ಮಳೆಯ ದಿನ ಕಡಿಮೆ ಪ್ರತಿ ಹೇಳುವುದು ಈ ಕಾರಣಕ್ಕೆ. ಹಿಂದಿರುಗಿಸಲಾಗದ್ದು ರದ್ದಿಗೆ ಹೋಗುತ್ತದೆ. 12 ಪುಟದ ಪತ್ರಿಕೆ ಸುಮಾರು 50 ಗ್ರಾಂ ತೂಗುವುದರಿಂದ ಒಂದು ಕಿಲೋ ರದ್ದಿಗೆ 20 ಪ್ರತಿ ಬೇಕು. ಭಜಿ, ಚುರುಮುರಿ ಕಟ್ಟಿಕೊಡಲು ರದ್ದಿ ಕೊಳ್ಳುತ್ತಿದ್ದವರಿಗೂ ಈಗ ಕಾನೂನಿನ ತಡೆಯಿದೆ; 2018ರ ಆಹಾರ ಪ್ಯಾಕೇಜಿಂಗ್ ನಿಯಮಾವಳಿಯು ಪತ್ರಿಕೆಯಲ್ಲಿ ತಿನಿಸು ಕಟ್ಟುವುದನ್ನು ನಿಷೇಧಿಸಿದೆ.

ಈ ಸಮಸ್ಯೆ ಜಗತ್ತಿನ ಬೇರೆಡೆಯಲ್ಲೂ ಹಳೆಯದೇ. 1899ರಲ್ಲಿ ನ್ಯೂಯಾರ್ಕಿನ ಪತ್ರಿಕೆ ಮಾರುವ ಹುಡುಗರು ಪುಲಿಟ್ಜರ್ ಮತ್ತು ಹರ್ಸ್ಟ್ ಅವರ ಪತ್ರಿಕೆಗಳ ವಿರುದ್ಧ ಮುಷ್ಕರ ಹೂಡಿದ್ದು, ನೂರು ಪ್ರತಿಯ ಸಗಟು ದರವನ್ನು 50 ಸೆಂಟ್‌ನಿಂದ 60 ಸೆಂಟ್‌ಗೆ ಏರಿಸಿ ಇಳಿಸದೆ ಉಳಿಸಿಕೊಂಡದ್ದಕ್ಕಾಗಿ. ದರವೇನೂ ಇಳಿಯಲಿಲ್ಲ. ಆದರೆ ಮಾರಾಟವಾಗದ ಪ್ರತಿಗಳನ್ನು ಹಿಂದಕ್ಕೆ ಪಡೆಯಲು ಮಾಲೀಕರು ಒಪ್ಪಿದರು, ಮುಷ್ಕರ ನಿಂತಿತು.

ಹಳೆ ಬಾಗಲಕೋಟೆಯಿಂದ ನವನಗರಕ್ಕೆ

ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಘಟಪ್ರಭೆಯ ದಂಡೆಯ ಬಾಗಲಕೋಟೆ ನಗರದ ಹಲವು ಭಾಗಗಳು ಮುಳುಗಡೆಯಾದವು. ಸಂತ್ರಸ್ತರಿಗಾಗಿ ಸೆಕ್ಟರ್‌ಗಳ ವಿನ್ಯಾಸದಲ್ಲಿ ನವನಗರ ನಿರ್ಮಾಣವಾಯಿತು. ಪತ್ರಿಕೆ ಮಾರುವವನ ಬಂಡವಾಳವೆಂದರೆ ಗೊತ್ತಾದ ಜಾಗ ಮತ್ತು ಗೊತ್ತಾದ ಗಿರಾಕಿ. ಓಣಿಗಳ ಊರಿನಲ್ಲಿ ಹತ್ತಿರ ಹತ್ತಿರ ಇದ್ದ ಮನೆಗಳು ಬೇರೆ ಬೇರೆ ಸೆಕ್ಟರ್‌ಗಳಿಗೆ ಹಂಚಿಹೋದಾಗ ಅದೇ ಸಂಖ್ಯೆಯ ಮನೆಗಳ ಲೈನ್‌ಗೆ ಸೈಕಲ್ ಹೆಚ್ಚು ದೂರ ತುಳಿಯಬೇಕಾಗುತ್ತದೆ. ಭೂಸ್ವಾಧೀನವು 1894ರ ಕಾಯ್ದೆಯಂತೆ ಭೂಮಿ, ಕಟ್ಟಡ ಹಾಗೂ ಅವುಗಳ ಮೇಲಿನ ಹಕ್ಕಿಗೆ ಪರಿಹಾರ ಗೊತ್ತುಪಡಿಸುತ್ತಿತ್ತು. ಪಾದಚಾರಿ ಮಾರ್ಗದಲ್ಲಿ ಕುಳಿತವನ ವ್ಯಾಪಾರಕ್ಕೆ ಯಾವ ಉತಾರವೂ ಇಲ್ಲವಾದ್ದರಿಂದ ಮುಳುಗಡೆಯ ಆಸ್ತಿಪಟ್ಟಿಯಲ್ಲಿ ಅದನ್ನು ಬರೆಯಲು ಅಂಕಣವೇ ಇರಲಿಲ್ಲ ಎನ್ನಬೇಕು.

ಜಾಗದ ಹಕ್ಕು ಮತ್ತು ಭದ್ರತೆ

ರಸ್ತೆ ಬದಿಯ ವ್ಯಾಪಾರವು ಸಂವಿಧಾನದ 19(1)(ಜಿ) ವಿಧಿಯ ವೃತ್ತಿ ಸ್ವಾತಂತ್ರ್ಯದ ವ್ಯಾಪ್ತಿಗೆ ಬರುತ್ತದೆ, ಆದರೆ ನಿರ್ಬಂಧಗಳಿಗೆ ಒಳಪಟ್ಟಿದೆ ಎಂದು ಸರ್ವೋಚ್ಚ ನ್ಯಾಯಾಲಯ 1989ರಲ್ಲಿ ಸೋದನ್ ಸಿಂಗ್ ಪ್ರಕರಣದಲ್ಲಿ ಹೇಳಿತು. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯು ಸಮೀಕ್ಷೆ, ಮಾರಾಟ ಪ್ರಮಾಣಪತ್ರ ಮತ್ತು ಪಟ್ಟಣ ಮಾರಾಟ ಸಮಿತಿಗಳನ್ನು ವಿಧಿಸಿತು. ತೆರವಿಗೆ ಮೊದಲು 30 ದಿನಗಳ ನೋಟಿಸು ಕಡ್ಡಾಯ. ರೈಲ್ವೆಯ ಜಾಗಕ್ಕೆ ಈ ಕಾಯ್ದೆ ಅನ್ವಯಿಸದು. ಬಸ್ ನಿಲ್ದಾಣದೊಳಗಿನ ಮಳಿಗೆಗಳನ್ನು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಟೆಂಡರ್ ಮೂಲಕ ಪರವಾನಗಿಗೆ ಕೊಡುತ್ತದೆ. ಹೆಚ್ಚು ಬಾಡಿಗೆ ಕೂಗಬಲ್ಲ ತಂಪು ಪಾನೀಯ, ಬೇಕರಿಯವರ ಎದುರು ಪತ್ರಿಕೆಯ ಅಂಗಡಿ ನಿಲ್ಲುವುದು ಕಷ್ಟ. ಹೀಗಾಗಿ ಸ್ಪರ್ಧಾತ್ಮಕ ಪರೀಕ್ಷೆಯ ಮಾಸಿಕಗಳು, ಪಂಚಾಂಗ, ಕ್ಯಾಲೆಂಡರ್, ಪೆನ್ನುಗಳನ್ನು ಜೊತೆಗಿಟ್ಟುಕೊಂಡೇ ಹೆಚ್ಚಿನವರು ಅಂಗಡಿ ನಡೆಸುತ್ತಾರೆ.

2020ರ ಮಾರ್ಚ್ ತಿಂಗಳ ಲಾಕ್‌ಡೌನ್ ಆದೇಶ ಮುದ್ರಣ ಮಾಧ್ಯಮಕ್ಕೆ ವಿನಾಯಿತಿ ನೀಡಿತ್ತಾದರೂ ಬಸ್ಸು, ರೈಲು ನಿಂತಿದ್ದರಿಂದ ನಿಲ್ದಾಣದ ಮಾರಾಟಕ್ಕೆ ಆ ವಿನಾಯಿತಿ ಉಪಯೋಗವಾಗಲಿಲ್ಲ. ಕಾಗದದ ಪತ್ರಿಕೆ ಬಿಟ್ಟು ಮೊಬೈಲ್‌ನಲ್ಲಿ ಸುದ್ದಿ ನೋಡುವ ರೂಢಿಯೂ ಆಗ ಬಲವಾಯಿತು.

ನಸುಕಿನ ಕತ್ತಲಲ್ಲಿ ಹೆದ್ದಾರಿಯ ಬದಿ ಸೈಕಲ್ ತುಳಿಯುವವರಿಗೆ ಅಪಘಾತವೇ ಮುಖ್ಯ ಅಪಾಯ. ಕರ್ನಾಟಕ ರಾಜ್ಯ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯು ದಿನಪತ್ರಿಕೆ ವಿತರಿಸುವ ಕಾರ್ಮಿಕರಿಗೆ ಅಪಘಾತ ಪರಿಹಾರ ಮತ್ತು ವೈದ್ಯಕೀಯ ನೆರವಿನ ಯೋಜನೆಯನ್ನು ರೂಪಿಸಿದೆ. ಅಪಘಾತದಲ್ಲಿ ಮರಣ ಸಂಭವಿಸಿದರೆ ಅವಲಂಬಿತರಿಗೆ 2 ಲಕ್ಷ ರೂಪಾಯಿ ದೊರೆಯುತ್ತದೆ. ಇದಕ್ಕೆ ಇ-ಶ್ರಮ್ ಪೋರ್ಟಲ್‌ನಲ್ಲಿ ನೋಂದಣಿ ಅಗತ್ಯ. ನೋಂದಾಯಿಸದೆ ಉಳಿದವರ ಕುಟುಂಬಕ್ಕೆ ಯೋಜನೆ ಇದ್ದೂ ಇಲ್ಲದಂತೆ. 1833ರ ಸೆಪ್ಟೆಂಬರ್ 4ರಂದು ‘ನ್ಯೂಯಾರ್ಕ್ ಸನ್’ ಪತ್ರಿಕೆ ಹತ್ತು ವರ್ಷದ ಬಾರ್ನಿ ಫ್ಲಾಹರ್ಟಿಯನ್ನು ಬೀದಿಯಲ್ಲಿ ಪತ್ರಿಕೆ ಮಾರಲು ನೇಮಿಸಿಕೊಂಡದ್ದರ ನೆನಪಿಗೆ ಕರ್ನಾಟಕದಲ್ಲಿ ಪ್ರತಿ ಸೆಪ್ಟೆಂಬರ್ 4ರಂದು ಪತ್ರಿಕಾ ವಿತರಕರ ದಿನ ಆಚರಿಸಲಾಗುತ್ತದೆ. ಆ ವಯಸ್ಸಿನ ಹುಡುಗನನ್ನು ಇಂದು ಈ ಕೆಲಸಕ್ಕೆ ನೇಮಿಸಿಕೊಳ್ಳುವುದು 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯಡಿ ಅಪರಾಧ.