ಗಣಕಯಂತ್ರದ ನೀರುಗಂಟಿ

೨೦೨೪ನೆಯ ಇಸವಿ ಜುಲೈ ೧೯ನೆಯ ತಾರೀಖಿನಂದು ಲೋಕದಲ್ಲಿ ಸುಮಾರು ೮೫ ಲಕ್ಷ ಗಣಕಯಂತ್ರಗಳು ಒಮ್ಮೆಗೇ ಮೂರ್ಛೆಹೋದುವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿಯೂ ಪ್ರಯಾಣಿಕರು ಸಾಲುಗಟ್ಟಿ ಕಾಯಬೇಕಾಯಿತು. ಇದು ಕಳ್ಳರ ಕೃತ್ಯವಲ್ಲ. ಯಂತ್ರಗಳನ್ನು ಕಾಯುವುದಕ್ಕೆಂದೇ ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯವರು ಇರಿಸಿದ್ದ ಪ್ರೋಗ್ರಾಮು, ಹೊಸದಾಗಿ ಬಂದ ಕಡತವೊಂದನ್ನು ಓದುತ್ತ, ಯಂತ್ರದ ಸ್ಮೃತಿಯಲ್ಲಿ ತನ್ನ ಎಲ್ಲೆಯನ್ನು ಮೀರಿ ಕೈಚಾಚಿತು. ಅದು ಆಪರೇಟಿಂಗ್ ಸಿಸ್ಟಮ್ ಎಂಬ ಮೂಲವ್ಯವಸ್ಥೆಯ ಒಳಗೇ ನೆಲೆಸಿದ್ದುದರಿಂದ ಇಡೀ ಯಂತ್ರವೇ ನಿಂತಿತು.

ಈ ಮೂಲವ್ಯವಸ್ಥೆಯೆಂದರೇನು? ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಗೃಹಸ್ಥರು ದೃಷ್ಟಾಂತಕ್ಕಾಗಿ ದೂರ ಹೋಗಬೇಕಾಗಿಲ್ಲ. ಕೆರೆಯ ನೀರನ್ನು ಸರದಿಯಂತೆ ಗದ್ದೆಗದ್ದೆಗೆ ಬಿಡುವ ನೀರುಗಂಟಿಯನ್ನು ಸ್ಮರಿಸಿದರೆ ಸಾಕು. ಅವನು ನೀರನ್ನು ಹಂಚುವಂತೆ ಇದು ಯಂತ್ರದ ಕಾಲವನ್ನೂ ಸ್ಮೃತಿಯನ್ನೂ ಪ್ರೋಗ್ರಾಮುಗಳಿಗೆ ಹಂಚುವುದು. ನೀರುಗಂಟಿಯೇ ತಪ್ಪಿದರೆ ಯಾರ ಪೈರೂ ಉಳಿಯದು. ೨೦೦೦ದಲ್ಲಿ 'ಭೂಮಿ' ಯೋಜನೆ ಬಂದಂದಿನಿಂದ ನಮ್ಮ ಪಹಣಿಯೂ ಗಣಕಯಂತ್ರದಲ್ಲಿಯೇ ಇರುವುದರಿಂದ, ಈ ವಿಚಾರವು ನಮಗೆ ಪರಕೀಯವಲ್ಲ.

ಇಂಥ ವ್ಯವಸ್ಥೆಗಳನ್ನು ಬಹುಮಟ್ಟಿಗೆ 'ಸಿ' ಎಂಬ ಭಾಷೆಯಲ್ಲಿ ಬರೆಯುತ್ತ ಬಂದಿರುವರು. ಡೆನ್ನಿಸ್ ರಿಚಿ ಎಂಬವರು ೧೯೭೨ರ ಸುಮಾರಿನಲ್ಲಿ ಅದನ್ನು ರೂಪಿಸಿದರು. ಅದು ವೇಗಶಾಲಿಯೇನೋ ಸರಿ. ಆದರೆ ಬೇಲಿಯಿಲ್ಲದ ಹೊಲದಂಥದು. ಬರೆದವನು ಎಲ್ಲೆ ಮೀರಿದರೆ ತಡೆಯದು. ಬಿಟ್ಟುಕೊಟ್ಟ ಸ್ಥಳವನ್ನೇ ಮತ್ತೆ ಬಳಸಿದರೂ ಕೇಳದು. ಜಾವಾ, ಸಿ ಶಾರ್ಪ್, ಗೋ ಮೊದಲಾದ ಭಾಷೆಗಳು ಹಾಗಲ್ಲ. ಅವು ಎಲ್ಲೆಯನ್ನು ತಾವೇ ಪರೀಕ್ಷಿಸುವುವು. ಬೇಡವಾದ ಸ್ಥಳವನ್ನು ತಾವೇ ಗುಡಿಸಿ ಮರಳಿ ಕಣಜಕ್ಕೆ ಸೇರಿಸುವುವು.

ಹಾಗಾದರೆ ಮೂಲವ್ಯವಸ್ಥೆಯನ್ನೇ ಇಂಥ ಕಾವಲುಳ್ಳ ಭಾಷೆಯಲ್ಲಿ ಏಕೆ ಬರೆಯಬಾರದು? ಬರೆದವರುಂಟು. ಜೂರಿಕ್ ನಗರದಲ್ಲಿ ನಿಕ್ಲಾಸ್ ವಿರ್ಥ್, ಯೂರ್ಗ್ ಗುಟ್‌ಕ್ನೆಖ್ಟ್ ಎಂಬ ಇಬ್ಬರು ಅಧ್ಯಾಪಕರು ೧೯೮೦ರ ದಶಕದಲ್ಲಿ 'ಒಬೆರಾನ್' ಭಾಷೆಯನ್ನೂ ಅದೇ ಹೆಸರಿನ ವ್ಯವಸ್ಥೆಯನ್ನೂ ರಚಿಸಿದರು. ೨೦೦೩ರಲ್ಲಿ ಮೈಕ್ರೋಸಾಫ್ಟಿನ ಸಂಶೋಧಕರು 'ಸಿಂಗ್ಯುಲಾರಿಟಿ'ಗೆ ಕೈಹಚ್ಚಿದರು. ಅಮೆರಿಕದ ಎಂ.ಐ.ಟಿ. ವಿದ್ವಾಂಸರು ಗೋ ಭಾಷೆಯಲ್ಲಿ 'ಬಿಸ್ಕೆಟ್' ಎಂಬುದನ್ನು ನಿರ್ಮಿಸಿ, ೨೦೧೮ರಲ್ಲಿ ಲಾಭನಷ್ಟಗಳ ಲೆಕ್ಕವನ್ನು ಮುಂದಿಟ್ಟರು. ಲಿನಕ್ಸ್ ವ್ಯವಸ್ಥೆಯಲ್ಲಿ ಪರರ ಪ್ರವೇಶಕ್ಕೆ ಎಡೆಗೊಡುವಂಥ ೬೫ ದೋಷಗಳನ್ನು ಅವರು ಪರಿಶೀಲಿಸಲಾಗಿ, ೪೦ ದೋಷಗಳ ಅಪಾಯವನ್ನು ಭಾಷೆಯ ಕಾವಲೇ ತಪ್ಪಿಸಬಲ್ಲುದೆಂದು ಕಂಡುಬಂದಿತು. ಕಾವಲಿಗೆ ಕೂಲಿಯೂ ಉಂಟಷ್ಟೆ: ಒಂದೇ ಕೆಲಸವು 'ಸಿ'ಗಿಂತ ಶೇಕಡಾ ೫ರಿಂದ ೧೫ರಷ್ಟು ನಿಧಾನವಾಯಿತು. ಯಂತ್ರವನ್ನು ನೇರವಾಗಿ ಮುಟ್ಟುವ ತಳಭಾಗವನ್ನಂತೂ ಯಂತ್ರಕ್ಕೆ ಸಮೀಪವಾದ ಭಾಷೆಯಲ್ಲಿಯೇ ಬರೆಯಬೇಕಾಯಿತು.

ಉಳಿದ ದೋಷಗಳಲ್ಲಿ ೧೪ ಶುದ್ಧ ತರ್ಕದೋಷಗಳು. ಅವನ್ನು ಯಾವ ಭಾಷೆಯೂ ತಡೆಯದು. ವ್ಯಾಕರಣವು ಅಪಶಬ್ದವನ್ನು ನಿವಾರಿಸಬಲ್ಲುದು, ಅವಿಚಾರವನ್ನಲ್ಲ.

ಮನೆಯಲ್ಲಿ ಇಂಜಿನಿಯರಿಂಗ್ ಓದುವ ಮಗನೋ ಮಗಳೋ "ನಾನೇ ಒಂದು ಆಪರೇಟಿಂಗ್ ಸಿಸ್ಟಮ್ ಕಟ್ಟುವೆನು" ಎಂದರೆ ಹಿರಿಯರು ನಗತಕ್ಕದ್ದಲ್ಲ. ಸಿ ಶಾರ್ಪ್ ಬಲ್ಲವರಿಗೆ 'ಕಾಸ್ಮೋಸ್' ಎಂಬ ಸಾಧನವು ಉಚಿತವಾಗಿ ದೊರೆಯುವುದು. ರಚಿಸಿದುದನ್ನು ಮೊದಲು 'ವರ್ಚುವಲ್ ಮೆಷಿನ್' ಎಂಬ ಕಲ್ಪಿತ ಯಂತ್ರದಲ್ಲಿ ಓಡಿಸಿ ನೋಡಬೇಕು. ಆಗ ಅದು ನೂರು ಸಲ ಕೆಟ್ಟರೂ ಮನೆಯ ಯಂತ್ರಕ್ಕೆ ಬಾಧಕವಿಲ್ಲ. ಅಂಥ ಕೃತಿಯು ನಾಳೆಯೇ ಬ್ಯಾಂಕನ್ನು ನಡೆಸಲಾರದು, ನಿಜ. ಆದರೆ ತೂಬಿನ ಕೀಲನ್ನು ತಾನೇ ಒಮ್ಮೆ ಎತ್ತಿ ಇಳಿಸಿದವನಿಗೆ ಮಾತ್ರವೇ ನೀರು ಎಲ್ಲಿ ಸೋರುವುದೆಂಬುದು ತಿಳಿಯುವುದು.