ನೆರೆರಾಷ್ಟ್ರಗಳೊಡನೆ ವ್ಯಾಪಾರದ ಒಡಂಬಡಿಕೆಗಳೂ ನಮ್ಮ ಮೆಣಸು ಅಡಕೆಗಳೂ

ಕಾಳುಮೆಣಸಿನ ಧಾರಣೆಯು ಇಳಿದಾಗ ಅದಕ್ಕೆ ಫಸಲಿನ ಹೆಚ್ಚಳವೋ ದಲ್ಲಾಳಿಗಳ ಕೈವಾಡವೋ ಕಾರಣವೆಂದು ಎಣಿಸುವುದು ವಾಡಿಕೆಯಾಗಿದೆ. ಆದರೆ ನಮ್ಮ ದೇಶವು ಅನ್ಯರಾಷ್ಟ್ರಗಳೊಡನೆ ಮಾಡಿಕೊಳ್ಳುವ ಒಡಂಬಡಿಕೆಗಳೂ ಧಾರಣೆಯನ್ನು ಏರಿಳಿಸತಕ್ಕ ಶಕ್ತಿಯುಳ್ಳವು. ಮಲೆನಾಡು ಮತ್ತು ಕೊಡಗಿನ ಜಮೀನುದಾರರೂ ಗ್ರಾಮಮುಖ್ಯರೂ ಇವುಗಳ ತಿರುಳನ್ನು ತಿಳಿದಿರುವುದು ಅವಶ್ಯಕವೆಂದು ಭಾವಿಸಿ ಈ ಕೆಳಗಿನ ವಿಷಯಗಳನ್ನು ನಿವೇದಿಸಲಾಗಿದೆ.

ಒಂದು ಪ್ರದೇಶದ ರಾಷ್ಟ್ರಗಳು ಪರಸ್ಪರ ಸರಕುಗಳ ಮೇಲಣ ಆಮದು ಸುಂಕವನ್ನು ತಗ್ಗಿಸುವುದೇ ಇಂತಹ ಒಡಂಬಡಿಕೆಯ ಸಾರ. ಇದರಲ್ಲಿ ಭಾರತಕ್ಕೆ ಮೂರು ಉದ್ದೇಶಗಳುಂಟು: ನೆರೆಯವರ ಸ್ನೇಹವನ್ನು ಕಾಪಾಡುವುದು, ನಮ್ಮ ಸರಕುಗಳಿಗೆ ಹೊರಗೆ ಮಾರುಕಟ್ಟೆಯನ್ನು ದೊರಕಿಸುವುದು, ನಮ್ಮ ರೈತನ ಜೀವನಾಧಾರಕ್ಕೆ ಕುಂದುಬಾರದಂತೆ ನೋಡಿಕೊಳ್ಳುವುದು. ಈ ಮೂರೂ ಯಾವಾಗಲೂ ಒಂದೇ ದಾರಿಯಲ್ಲಿ ನಡೆಯಲಾರವು. ಯಾವುದನ್ನು ಎಲ್ಲಿ ಮುಂದೆ ಮಾಡಬೇಕೆಂಬುದೇ ಸಂಧಾನದ ಕಷ್ಟ.

ಶ್ರೀಲಂಕೆಯೊಡನೆ 1998ರಲ್ಲಿ ಸಹಿಯಾದ ಒಡಂಬಡಿಕೆಯು 2000ದ ಮಾರ್ಚಿಯಿಂದ ಜಾರಿಗೆ ಬಂದಿತು. ದಕ್ಷಿಣ ಏಷ್ಯದ ರಾಷ್ಟ್ರಗಳ ಸಾಫ್ಟಾ ಎಂಬ ಒಡಂಬಡಿಕೆಯು 2004ರಲ್ಲಿ ಸಹಿಯಾಗಿ 2006ರಿಂದ ನಡೆಯಲಾರಂಭಿಸಿತು. ಆಗ್ನೇಯ ಏಷ್ಯದ ಆಸಿಯಾನ್ ಕೂಟದೊಡನೆ 2009ರಲ್ಲಿ ಆದ ಒಪ್ಪಂದವು ಮರುವರ್ಷ ಜಾರಿಗೆ ಬಂದಿತು. ಈ ಕಡೆಯದರಲ್ಲಿ ಕಾಳುಮೆಣಸು, ಕಾಫಿ, ಚಹ, ಕಚ್ಚಾ ತಾಳೆಯೆಣ್ಣೆ, ಶುದ್ಧಮಾಡಿದ ತಾಳೆಯೆಣ್ಣೆ ಎಂಬ ಐದನ್ನು ವಿಶೇಷ ಸರಕುಗಳೆಂದು ಬೇರ್ಪಡಿಸಿ, ಅವುಗಳ ಸುಂಕವನ್ನು ಮೆಲ್ಲಮೆಲ್ಲನೆ, ಒಂದು ಮಿತಿಯವರೆಗೆ ಮಾತ್ರವೇ ಇಳಿಸುವುದೆಂದು ನಿಷ್ಕರ್ಷಿಸಲಾಯಿತು. ಮೆಣಸಿಗೆ ಆ ಮಿತಿಯು ಶೇಕಡಾ 50. ಮಿತ್ರತ್ವವನ್ನು ಬೆಳಸುತ್ತಲೇ ಬೆಳೆಗಾರನಿಗೆ ಒಂದು ಬೇಲಿಯನ್ನು ಉಳಿಸಿಕೊಂಡುದಕ್ಕೆ ಇದು ನಿದರ್ಶನ.

ಇನ್ನು ಲೆಕ್ಕವನ್ನು ನೋಡೋಣ. ಒಂದು ಕಿಲೋ ಮೆಣಸು 500 ರೂಪಾಯಿ ಬೆಲೆಗೆ ಬಂದರಿಗೆ ಬಂದಿತೆಂದು ಇಟ್ಟುಕೊಳ್ಳಿ. ಒಡಂಬಡಿಕೆಯಿಲ್ಲದ ದೇಶದಿಂದಾದರೆ ಮೂಲ ಸುಂಕವು ಶೇಕಡಾ 70ರಂತೆ 350 ರೂಪಾಯಿ. ಆಸಿಯಾನ್ ಕೂಟದ ವಿಯೆಟ್ನಾಮಿನಿಂದಾದರೆ ಶೇಕಡಾ 50ರಂತೆ 250 ರೂಪಾಯಿ. ಸಾಫ್ಟಾ ಮೂಲಕ ಶ್ರೀಲಂಕೆಯಿಂದಾದರೆ ಶೇಕಡಾ 8ರಂತೆ 40 ರೂಪಾಯಿ ಮಾತ್ರ. ಇದಲ್ಲದೆ ಶ್ರೀಲಂಕೆಯೊಡನೆ ಪ್ರತ್ಯೇಕವಾಗಿ ಆದ ಒಡಂಬಡಿಕೆಯ ಮೇರೆಗೆ ವರ್ಷಕ್ಕೆ 2,500 ಟನ್ನುಗಳಷ್ಟು ಮೆಣಸಿಗೆ ಸುಂಕವೇ ಇಲ್ಲ.

250ಕ್ಕೂ 40ಕ್ಕೂ ಇರುವ ಅಂತರವನ್ನು ಚೆನ್ನಾಗಿ ಗಮನಿಸತಕ್ಕದ್ದು. ಒಂದು ದೇಶದ ಮೆಣಸನ್ನು ಮತ್ತೊಂದು ದೇಶದ ಹೆಸರಿನಲ್ಲಿ ಸಾಗಿಸುವ ದುರಾಶೆಗೆ ಈ ಅಂತರವೇ ಬೀಜ. ವಿಯೆಟ್ನಾಮಿನ ಮೆಣಸು ಶ್ರೀಲಂಕೆಯ ಮಾರ್ಗವಾಗಿ ಒಳಬರುತ್ತಿದೆಯೆಂದು ನಮ್ಮ ಬೆಳೆಗಾರರ ಸಂಘಗಳು ಬಹುಕಾಲ ಮೊರೆಯಿಟ್ಟುದು ಈ ಕಾರಣದಿಂದಲೇ. ಒಪ್ಪಂದದ ನಿಯಮದಂತೆ ಸುಂಕದ ರಿಯಾಯಿತಿಯು ಆಯಾ ದೇಶದಲ್ಲಿಯೇ ಬೆಳೆದ ಮೆಣಸಿಗೆ ಸಲ್ಲತಕ್ಕದ್ದೇ ಹೊರತು ಅಲ್ಲಿ ಇಳಿಸಿ ಮತ್ತೆ ಹಡಗಿಗೇರಿಸಿದ ಮಾಲಿಗಲ್ಲ. 2020ನೇ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಸುಂಕದ ನಿಯಮಗಳು, ಮಾಲಿನ ಮೂಲವನ್ನು ರುಜುವಾತುಪಡಿಸುವ ಹೊಣೆಯನ್ನು ಆಮದುದಾರನ ಮೇಲೆಯೂ ಹೊರಿಸಿವೆ. ಹೊರದೇಶದ ಪ್ರಮಾಣಪತ್ರವೊಂದನ್ನು ತೋರಿಸಿದ ಮಾತ್ರಕ್ಕೆ ಸಾಲದು.

ಮತ್ತೊಂದು ಕಟ್ಟಳೆಯು ಕನಿಷ್ಠ ಆಮದು ಬೆಲೆ. 2017ನೇ ಡಿಸೆಂಬರಿನಲ್ಲಿ ಮೆಣಸಿಗೆ ಕಿಲೋ ಒಂದಕ್ಕೆ 500 ರೂಪಾಯಿಗಳನ್ನು ಗೊತ್ತುಮಾಡಿ, 2018ನೇ ಮಾರ್ಚಿಯಲ್ಲಿ ಅದಕ್ಕಿಂತ ಅಗ್ಗವಾದ ಆಮದನ್ನು ನಿಷೇಧಿಸಲಾಯಿತು. ಅಡಕೆಗೆ 251 ರೂಪಾಯಿಗಳಿದ್ದುದನ್ನು 2023ನೇ ಫೆಬ್ರವರಿಯಲ್ಲಿ 351ಕ್ಕೆ ಏರಿಸಲಾಯಿತು. ಆದರೆ ಇದಕ್ಕೆ ಮುಂಚೆ, 2022ನೇ ಸೆಪ್ಟೆಂಬರಿನಲ್ಲಿ, ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಕೆಯನ್ನು ಈ ಬೆಲೆಯ ನಿರ್ಬಂಧವಿಲ್ಲದೆ ತರಲು ಅನುಮತಿ ಕೊಡಲಾಯಿತು. ಭೂತಾನವು 1972ರಿಂದಲೂ ವ್ಯಾಪಾರದ ಒಪ್ಪಂದವುಳ್ಳ ಮಿತ್ರರಾಷ್ಟ್ರ. ಇಲ್ಲಿ ಸ್ನೇಹವೇ ಮುಂದಾಯಿತು. ಹಸಿ ಅಡಕೆಯು ಒಣಗಿದ ಮೇಲೆ ತೂಕವು ಬಹುವಾಗಿ ಇಳಿಯುವುದೆಂಬುದನ್ನು ನೆನೆದರೆ ಈ ಪರಿಮಾಣದಿಂದ ಭಯಪಡಬೇಕಾದುದಿಲ್ಲ. ಆದರೆ ಇಂತಹ ವಿನಾಯಿತಿಯ ಮರೆಯಲ್ಲಿ ಅನ್ಯರ ಮಾಲು ನುಸುಳದಂತೆ ಗಡಿಯಲ್ಲಿ ಎಚ್ಚರವಿರಬೇಕು.

ಲಾಭಕ್ಕಿಂತ ಅಪಾಯವು ಹೆಚ್ಚೆಂದು ಕಂಡಲ್ಲಿ ದೇಶವು ಒಡಂಬಡಿಕೆಯನ್ನೇ ಬಿಟ್ಟದ್ದೂ ಉಂಟು. 2019ನೇ ನವೆಂಬರು 4ರಂದು ಬ್ಯಾಂಕಾಕಿನಲ್ಲಿ ಭಾರತವು ಆರ್‌ಸಿಇಪಿ ಎಂಬ ವಿಶಾಲ ಕೂಟಕ್ಕೆ ಸೇರಲು ಒಪ್ಪಲಿಲ್ಲ. ಹೈನುಗಾರರ ಹಿತ, ಆಮದಿನ ಹಠಾತ್ ಪ್ರವಾಹದ ಭೀತಿ, ಮಾಲಿನ ಮೂಲವನ್ನು ಕುರಿತ ನಿಯಮಗಳ ಸಡಿಲು, ಇವು ಹಿಂಜರಿಕೆಯ ಕಾರಣಗಳಲ್ಲಿ ಮುಖ್ಯವಾದವು. ಉಳಿದ 15 ರಾಷ್ಟ್ರಗಳು 2020ರಲ್ಲಿ ಸಹಿಮಾಡಿದವು.

ಇದರಿಂದ ನಾವು ಗ್ರಹಿಸತಕ್ಕ ಅಂಶ ಒಂದೇ. ಸುಂಕವು ಎಷ್ಟೇ ಎತ್ತರವಾಗಿರಲಿ, ಪಕ್ಕದ ಬಾಗಿಲಿನಲ್ಲಿ ಮೂಲದ ವಿಚಾರಣೆಯು ಸಡಿಲವಾದರೆ ಬೆಳೆಗಾರನಿಗೆ ರಕ್ಷಣೆಯಿಲ್ಲ. ಆದುದರಿಂದ ಗ್ರಾಮಮುಖ್ಯರು ಸುಂಕವನ್ನು ಹೆಚ್ಚಿಸಿರೆಂದು ಮಾತ್ರ ಕೇಳದೆ, ಆಯಾ ತಿಂಗಳ ಧಾರಣೆ, ಸಾಗುವಳಿಯ ವೆಚ್ಚ, ಮೆಣಸು ಅಡಕೆಗಳಿರುವ ಎಕರೆಗಳು, ಇವನ್ನು ವರ್ಷವರ್ಷವೂ ಬರೆದಿಟ್ಟು ತಮ್ಮ ಸಹಕಾರ ಸಂಘ ಮತ್ತು ಬೆಳೆಗಾರರ ಸಂಘಗಳ ಮೂಲಕ ಸಂಬಾರ ಮಂಡಳಿಗೂ ವಾಣಿಜ್ಯ ಮಂತ್ರಾಲಯಕ್ಕೂ ಮುಟ್ಟಿಸುವುದು ಲೇಸು. ಸಂಧಾನಕ್ಕೆ ಕುಳಿತವರಿಗೆ ಹತ್ತು ಮನವಿಗಳಿಗಿಂತ ಒಂದು ಖಚಿತವಾದ ಲೆಕ್ಕವು ಹೆಚ್ಚಿನ ಬಲವನ್ನೀಯುವುದು.

ಬೇಲಿಯೊಂದನ್ನೇ ನಂಬಿ ಕೂರುವುದೂ ವಿಹಿತವಲ್ಲ. ವಿಯೆಟ್ನಾಮಿನಲ್ಲಿ ಎಕರೆಯ ಇಳುವರಿಯು ನಮ್ಮದಕ್ಕಿಂತ ಅನೇಕ ಪಾಲು ಹೆಚ್ಚು. ಅಲ್ಲಿ ಮೆಣಸನ್ನೇ ಮುಖ್ಯ ಬೆಳೆಯಾಗಿ ಇಡುವರು, ನಮ್ಮಲ್ಲಿ ಕಾಫಿ ಅಡಕೆಗಳ ನಡುವಣ ಮರಗಳಿಗೆ ಹಬ್ಬಿಸುವರು. ಆದಕಾರಣ ಹೋಲಿಕೆಯು ಪೂರ್ಣವಾಗಿ ಸಮವಲ್ಲ. ಆದರೂ ಮಳೆಗಾಲಕ್ಕೆ ಮುಂಚೆಯೇ ಬಸಿಗಾಲುವೆಗಳನ್ನು ತೆರೆದು ಸೊರಗುರೋಗವನ್ನು ತಡೆಯುವುದು, ಸತ್ತ ಬಳ್ಳಿಗಳ ಎಡೆಯಲ್ಲಿ ಆರೋಗ್ಯವಾದ ಸಸಿಗಳನ್ನು ನೆಡುವುದು, ಕಾಳನ್ನು ಚೊಕ್ಕಟವಾಗಿ ಒಣಗಿಸುವುದು, ಇವು ನಮ್ಮ ಕೈಯಲ್ಲಿಯೇ ಇರುವ ಕೆಲಸಗಳು. ಇವಕ್ಕೆ ಯಾವ ರಾಷ್ಟ್ರದ ಒಪ್ಪಿಗೆಯೂ ಬೇಕಾಗಿಲ್ಲ.