ಉಂಗುರವನ್ನು ಬೆಂಕಿಗೆ ಹಾಕಿದ್ದು ಯಾರು?

ತಪ್ಪು ಕಲ್ಪನೆ: ಮಕ್ಕಳಿಗೆ ಕ್ರೈಸ್ತಮತ ಬೋಧಿಸಲೆಂದೇ ಸಿ.ಎಸ್. ಲೂಯಿಸ್ ನಾರ್ನಿಯಾ ಕಥೆ ಹೆಣೆದರು.

ವಾಸ್ತವ: ಲೂಯಿಸ್ ಹೇಳಿಕೊಂಡಂತೆ, ಮೊದಲು ಬಂದದ್ದು ಒಂದು ಚಿತ್ರ. ಹಿಮದ ಕಾಡಿನಲ್ಲಿ ಕೊಡೆ ಹಿಡಿದು ನಡೆಯುವ, ಮೇಕೆಗಾಲಿನ ಫಾನ್. ಹದಿನಾರನೇ ವಯಸ್ಸಿನಿಂದ ಅದು ಅವರ ತಲೆಯಲ್ಲಿತ್ತು. ಸಿಂಹ ಅಸ್ಲಾನ್ ನುಗ್ಗಿದ್ದು ಎಷ್ಟೋ ಕಾಲದ ಮೇಲೆ.

ತಪ್ಪು ಕಲ್ಪನೆ: ಅಸ್ಲಾನನ ಬಲಿ ಸಂಡೇ ಸ್ಕೂಲ್ ಪಾಠದ ನಕಲು.

ವಾಸ್ತವ: ಪಾಪಿಗೆ ಸಲ್ಲಬೇಕಾದ ಶಿಕ್ಷೆಯನ್ನು ಯೇಸು ದೇವರ ನ್ಯಾಯದೆದುರು ತಾನೇ ಹೊತ್ತ ಎಂಬುದು ಅನೇಕ ಪ್ರೊಟೆಸ್ಟೆಂಟ್ ಸಭೆಗಳ ಬೋಧನೆ. ಆದರೆ 1950ರ ನಾರ್ನಿಯಾ ಕಾದಂಬರಿಯಲ್ಲಿ ದ್ರೋಹಿ ಎಡ್ಮಂಡ್‌ನ ಪ್ರಾಣ ಮಾಟಗಾತಿಯ ಹಕ್ಕು. ಅವನ ಬದಲು ಅಸ್ಲಾನ್ ತೆತ್ತ ಪ್ರಾಣ ಸಲ್ಲುವುದೂ ಅವಳಿಗೇ. ಗೆದ್ದೆನೆಂದು ಬೀಗಿದವಳು ತನಗೆ ತಿಳಿಯದ ಹಳೆಯ ನಿಯಮವೊಂದಕ್ಕೆ ಸಿಕ್ಕಿಬೀಳುತ್ತಾಳೆ. ಸೈತಾನನೇ ಮೋಸಹೋದ ಎಂದ ಕ್ರೈಸ್ತ ಚಿಂತಕರಾದ ಒರಿಗೆನ್, ನಿಸ್ಸಾದ ಗ್ರೆಗರಿಯವರ ಪುರಾತನ ಚಿಂತನೆಗೆ ಇದು ಹತ್ತಿರ.

ತಪ್ಪು ಕಲ್ಪನೆ: 'ಲಾರ್ಡ್ ಆಫ್ ದಿ ರಿಂಗ್ಸ್'ನಲ್ಲಿ ಗುಡಿ-ಚರ್ಚುಗಳಿಲ್ಲ, ಹಾಗಾಗಿ ಧರ್ಮವೂ ಇಲ್ಲ, ನಾಯಕ ಫ್ರೋಡೋ ಹೋರಾಡಿ ಲೋಕಕ್ಕೆ ಕೇಡು ತರುವ ಉಂಗುರವನ್ನು ನಾಶಮಾಡಿದ, ಅಷ್ಟೆ.

ವಾಸ್ತವ: ಈ ಕೊನೆಯ ಮಾತು ಪೀಟರ್ ಜಾಕ್ಸನ್‌ರ 2003ರ ಸಿನಿಮಾದ ಕೊಡುಗೆ. ತೆರೆಯ ಮೇಲೆ ಫ್ರೋಡೋ ಉಂಗುರದ ಹುಚ್ಚು ಹಿಡಿದ ಗೊಲ್ಲುಮ್‌ನೊಂದಿಗೆ ಸೆಣಸುತ್ತಾನೆ, ಇಬ್ಬರೂ ಅಂಚಿನಿಂದ ಜಾರುತ್ತಾರೆ. ಪುಸ್ತಕದಲ್ಲಿ ಸೆಣಸಾಟವಿರುವುದು ಉಂಗುರ ಕೈತಪ್ಪುವವರೆಗೆ ಮಾತ್ರ. ಬೆಂಕಿಯ ಬಾಯಿಗೆ ಬಂದ ಫ್ರೋಡೋ ಉಂಗುರ ತನ್ನದೆಂದು ಬೆರಳಿಗೆ ಹಾಕಿಕೊಳ್ಳುತ್ತಾನೆ. ಸೋಲುತ್ತಾನೆ, ಪೂರ್ತಿ ಸೋಲುತ್ತಾನೆ. ಗೊಲ್ಲುಮ್ ಆ ಬೆರಳನ್ನೇ ಕಚ್ಚಿ ಕಿತ್ತು, ಖುಷಿಯಲ್ಲಿ ಕುಣಿಯುತ್ತ ತಾನಾಗಿಯೇ ಎಡವಿ ಬೀಳುತ್ತಾನೆ. ಅವನು ಅಲ್ಲಿಯವರೆಗೆ ಬದುಕಿದ್ದಾದರೂ ಹೇಗೆ? ಮೊದಲು ಫ್ರೋಡೋನ ಹಿರಿಯ ಬಂಧು ಬಿಲ್ಬೋ, ಆಮೇಲೆ ಫ್ರೋಡೋ, ಕೊನೆಗೆ ಬೆಂಕಿಬೆಟ್ಟದ ಇಳಿಜಾರಿನಲ್ಲಿ ಫ್ರೋಡೋನ ಸಂಗಾತಿ ಸ್ಯಾಮ್ ಕೂಡ ಅವನನ್ನು ಕೊಲ್ಲದೆ ಬಿಟ್ಟಿದ್ದರು. ಲೋಕ ಉಳಿದದ್ದು ಆ ಕರುಣೆಯಿಂದ, ನಾಯಕನ ತೋಳ್ಬಲದಿಂದಲ್ಲ. ಕ್ರೈಸ್ತರು ಕೃಪೆ ಎನ್ನುವುದು ಇದನ್ನೇ. ಸಿನಿಮಾ ರೋಚಕತೆಗಾಗಿ ಕಥೆಯ ಬೆನ್ನೆಲುಬನ್ನೇ ಸಡಿಲಿಸಿತು ಎಂದು ನನಗನ್ನಿಸುತ್ತದೆ.

ಚರ್ಚ್ ಕಾಣದಿರುವುದಕ್ಕೂ ಕಾರಣವಿದೆ. 1953ರಲ್ಲಿ ಜೆಸ್ವಿಟ್ ಗೆಳೆಯ ರಾಬರ್ಟ್ ಮರ್ರೆಗೆ ಬರೆದ ಪತ್ರದಲ್ಲಿ ಲೇಖಕ ಟೋಲ್ಕಿನ್ 'ಲಾರ್ಡ್ ಆಫ್ ದಿ ರಿಂಗ್ಸ್' ಅನ್ನು ಮೂಲತಃ ಕ್ಯಾಥೊಲಿಕ್ ಕೃತಿ ಎನ್ನುತ್ತಾರೆ. ಧರ್ಮ ಕಥೆಯೊಳಗೇ ಕರಗಿದ್ದರಿಂದ ಪೂಜೆ-ವಿಧಿಗಳನ್ನು ತೆಗೆದುಹಾಕಿದೆ ಎಂದೂ ಹೇಳುತ್ತಾರೆ. ಆದರೂ ಒಂದು ಗುರುತು ಉಳಿದಿದೆ: ಉಂಗುರ ನಾಶವಾಗುವ ದಿನ ಮಾರ್ಚ್ 25, ದೇವದೂತ ಮರಿಯಳಿಗೆ ಶುಭವಾರ್ತೆ ತಂದದ್ದನ್ನು ನೆನೆಯುವ ಹಬ್ಬದ ದಿನ.

ತಪ್ಪು ಕಲ್ಪನೆ: ಲೂಯಿಸ್, ಟೋಲ್ಕಿನ್ ಇಬ್ಬರೂ ಒಂದೇ ಮನಸ್ಸಿನವರು.

ವಾಸ್ತವ: 1931ರಲ್ಲಿ ಲೂಯಿಸ್ ಕ್ರಿಸ್ತನಲ್ಲಿ ನಂಬಿಕೆ ಇಡಲು ಟೋಲ್ಕಿನ್ ಜೊತೆಗಿನ ಒಂದು ರಾತ್ರಿಯ ಮಾತುಕತೆ ನೆರವಾಯಿತು, ನಿಜ. ಆದರೆ ನಾರ್ನಿಯಾ ಟೋಲ್ಕಿನ್‌ಗೆ ಕೊನೆಯವರೆಗೂ ಹಿಡಿಸಲಿಲ್ಲ.